ಫ್ಯಾಟಿ ಲಿವರ್ ಅಂದಿದ್ದಾರಾ? ಕಲೆ ಕಟ್ಟಿದೆಯಾ ಅಂತ ನೋಡಲು ಯಾವ ಟೆಸ್ಟ್ ಮಾಡಿಸಬೇಕು

ಹೊಟ್ಟೆ ಸ್ಕ್ಯಾನಿಂಗ್ ರಿಪೋರ್ಟ್‌ನಲ್ಲಿ ‘ಗ್ರೇಡ್ 2 ಫ್ಯಾಟಿ ಲಿವರ್’ ಅಂತ ಬಂದರೆ ಕೆಲವರು ಹೆದರಿ ನಿದ್ದೆ ಕೆಡಿಸಿಕೊಳ್ಳುತ್ತಾರೆ. ಇನ್ನು ಕೆಲವರು "ಅಯ್ಯೋ, ಇದು ಈಗ ಎಲ್ಲರಿಗೂ ಇರುತ್ತೆ ಬಿಡಿ" ಅಂತ ರಿಪೋರ್ಟನ್ನು ಬೀರುವಿಗೆ ಸೇರಿಸುತ್ತಾರೆ. ಎರಡೂ ಸರಿಯಲ್ಲ. ಆ ಗ್ರೇಡ್ ಹೇಳುವುದು ಲಿವರ್‌ನಲ್ಲಿ ಕೊಬ್ಬು ಎಷ್ಟು ಸೇರಿದೆ ಅನ್ನುವುದನ್ನು ಮಾತ್ರ. ಗಾಯವಾಗಿ, ಮಾಗಿ, ಮತ್ತೆ ಗಾಯವಾಗಿ ಒಳಗೆ ಗಟ್ಟಿ ಕಲೆ ಕಟ್ಟಿದೆಯಾ ಅನ್ನುವುದನ್ನು ಅದು ಹೇಳುವುದಿಲ್ಲ. ಡಾಕ್ಟರುಗಳು ಫೈಬ್ರೋಸಿಸ್ ಅನ್ನುವುದು ಈ ಕಲೆಗೆ. ಮುಂದೆ ಲಿವರ್ ಕೈಕೊಡುತ್ತದಾ ಇಲ್ಲವಾ ಅನ್ನುವುದು ಕೊಬ್ಬಿಗಿಂತ ಈ ಕಲೆಯ ಮೇಲೇ ಜಾಸ್ತಿ ನಿಂತಿದೆ.

ಕಲೆಯನ್ನು ಎಫ್0 ಇಂದ ಎಫ್4 ತನಕ ಅಳೆಯುತ್ತಾರೆ. ಎಫ್0 ಅಂದರೆ ಕಲೆ ಇಲ್ಲ, ಎಫ್2 ಅಂದರೆ ಗಮನ ಕೊಡಬೇಕಾದಷ್ಟು ಇದೆ, ಎಫ್3 ಅಂದರೆ ಮುಂದುವರಿದಿದೆ, ಎಫ್4 ಅಂದರೆ ಸಿರೋಸಿಸ್, ಲಿವರ್ ಪೂರ್ತಿ ಕಲೆಗಟ್ಟಿ ಗಂಟುಗಂಟಾದ ಹಂತ. ಸ್ಕ್ಯಾನಿಂಗ್‌ನ ಗ್ರೇಡ್ ಬೇರೆ, ಈ ಎಫ್ ನಂಬರ್ ಬೇರೆ. ಗ್ರೇಡ್ 3 ಕೊಬ್ಬು ಇದ್ದೂ ಎಫ್0 ಇರುವವರು ಬೇಕಾದಷ್ಟು ಜನ ಇದ್ದಾರೆ. ಉಲ್ಟಾನೂ ಆಗುತ್ತದೆ. ಸಿರೋಸಿಸ್ ಹಂತಕ್ಕೆ ಹೋದ ಲಿವರ್‌ನಲ್ಲಿ ಕೊಬ್ಬು ತಾನಾಗೇ ಕರಗಿಹೋಗುವುದುಂಟು. ಆಗ ಸ್ಕ್ಯಾನಿಂಗ್‌ನಲ್ಲಿ ಗ್ರೇಡ್ ಇಳಿದಂತೆ ಕಾಣುತ್ತದೆ, ಮನೆಯವರು ಖುಷಿಪಡುತ್ತಾರೆ, ಒಳಗಿನ ಕಥೆ ಬೇರೆಯೇ ಇರುತ್ತದೆ. ಎಲ್‌ಎಫ್‌ಟಿ ಅನ್ನುವ ಲಿವರ್ ರಕ್ತ ಪರೀಕ್ಷೆ ನಾರ್ಮಲ್ ಬಂದಿದೆ ಅಂತ ನಿರಾಳ ಆಗುವುದೂ ಬೇಡ, ಅದರಲ್ಲಿ ನೋಡುವ ಲಿವರ್ ಎಂಜೈಮ್ ಎಸ್‌ಜಿಪಿಟಿ ಪೂರ್ತಿ ನಾರ್ಮಲ್ ಇದ್ದೂ ಎಫ್3 ಇರುವವರಿದ್ದಾರೆ.

ರಿಪೋರ್ಟ್‌ಗಳಲ್ಲಿ ಫ್ಯಾಟಿ ಲಿವರ್‌ಗೆ ಬೇರೆ ಬೇರೆ ಹೆಸರು ನೋಡಿ ಗೊಂದಲ ಆಗಬೇಡಿ. ಮೊದಲು ಎನ್‌ಎಎಫ್‌ಎಲ್‌ಡಿ ಅನ್ನುತ್ತಿದ್ದುದನ್ನು 2023ರಿಂದ ಎಂಎಎಸ್‌ಎಲ್‌ಡಿ ಅನ್ನುತ್ತಿದ್ದಾರೆ. ಹೆಚ್ಚುಕಡಿಮೆ ಅದೇ ಕಾಯಿಲೆ.

ಹಾಗಾದರೆ ಎಲ್ಲರಿಗೂ ದೊಡ್ಡ ಟೆಸ್ಟ್ ಮಾಡಿಸಿಬಿಡೋಣ ಅಂದರೆ ಆಗುವ ಮಾತಲ್ಲ. ಭಾರತದಲ್ಲಿ ನಡೆದ ಅಧ್ಯಯನಗಳನ್ನೆಲ್ಲ ಒಟ್ಟು ಸೇರಿಸಿ 2022ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರ ಪ್ರಕಾರ ದೊಡ್ಡವರಲ್ಲಿ ಸುಮಾರು 38% ಜನರಿಗೆ ಫ್ಯಾಟಿ ಲಿವರ್ ಇದೆ. ಸಣ್ಣಗೆ ಕಾಣುವವರೂ ಅದರಲ್ಲಿದ್ದಾರೆ, ಹೊಟ್ಟೆ ಭಾಗದಲ್ಲಿ ಮಾತ್ರ ಬೊಜ್ಜು ಇರುವವರು ನಮ್ಮಲ್ಲಿ ಜಾಸ್ತಿ. ಇವರಲ್ಲಿ ಹೆಚ್ಚಿನವರಿಗೆ ಕಲೆ ಇರುವುದಿಲ್ಲ. ಇರುವ ಸ್ವಲ್ಪ ಜನರನ್ನು ಹುಡುಕಬೇಕು, ಉಳಿದವರನ್ನು ಸುಮ್ನೆ ಹೆದರಿಸಬಾರದು. ಅದಕ್ಕೇ ಮೊದಲು ಅಗ್ಗದ ಟೆಸ್ಟ್, ಅದರಲ್ಲಿ ಅನುಮಾನ ಬಂದವರಿಗೆ ಮಾತ್ರ ಮುಂದಿನದು ಅನ್ನುವ ಕ್ರಮ ಎಲ್ಲ ಕಡೆ ನಡೆದಿದೆ. ಈ ಕ್ರಮ ಬಿಟ್ಟು ನೇರವಾಗಿ ದುಬಾರಿ ಟೆಸ್ಟ್‌ಗೆ ಹೋದರೆ ಸುಳ್ಳು ಗಾಬರಿಯೇ ಜಾಸ್ತಿ ಆಗುತ್ತದೆ.

ಮೊದಲು ಬಯಾಪ್ಸಿ ಒಂದೇ ದಾರಿಯಾಗಿತ್ತು. ಸೂಜಿ ಹಾಕಿ ತೆಗೆಯುವ ಚೂರು ಇಡೀ ಲಿವರ್‌ನ ಸುಮಾರು 50,000ದಲ್ಲಿ ಒಂದು ಭಾಗ. ಕಲೆ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲವಾದ್ದರಿಂದ ಸೂಜಿ ಹೋದ ಜಾಗದ ಮೇಲೆ ಉತ್ತರ ಬದಲಾಗಬಹುದು. ನೋವು, ಅಪರೂಪಕ್ಕೆ ರಕ್ತಸ್ರಾವದ ಅಪಾಯ ಬೇರೆ. ಬಯಾಪ್ಸಿ ಇವತ್ತಿಗೂ ಬೇಕು, ಆದರೆ ಆಯ್ದ ಕೆಲವರಿಗೆ ಮಾತ್ರ.

ಎಫ್‌ಐಬಿ-4: ರಿಪೋರ್ಟ್ ನಿಮ್ಮ ಮನೆಯಲ್ಲೇ ಇದೆ

ಕಲೆ ಇರುವ ಸಾಧ್ಯತೆ ಎಷ್ಟು ಅಂತ ಅಂದಾಜು ಮಾಡುವ ಒಂದು ಲೆಕ್ಕ ಇದು, ಇದಕ್ಕೆ ಹೊಸ ಟೆಸ್ಟ್ ಬೇಕಿಲ್ಲ. ವಯಸ್ಸು, ಎಸ್‌ಜಿಓಟಿ, ಎಸ್‌ಜಿಪಿಟಿ, ಪ್ಲೇಟ್‌ಲೆಟ್ ಇಷ್ಟು ಗೊತ್ತಿದ್ದರೆ ಸಾಕು. ಎಲ್‌ಎಫ್‌ಟಿ ಮತ್ತು ಸಿಬಿಸಿ (ರಕ್ತಕಣಗಳ ಎಣಿಕೆ) ಮಾಡಿಸಿದವರ ಹತ್ತಿರ ಇವೆಲ್ಲ ಇದ್ದೇ ಇರುತ್ತವೆ. ಕೆಲವು ರಿಪೋರ್ಟ್‌ಗಳಲ್ಲಿ ಎಸ್‌ಜಿಓಟಿಗೆ ಎಎಸ್‌ಟಿ, ಎಸ್‌ಜಿಪಿಟಿಗೆ ಎಎಲ್‌ಟಿ ಅಂತ ಇರುತ್ತದೆ, ಅವು ಒಂದೇ. 2006ರಲ್ಲಿ ಎಚ್‌ಐವಿ ಜೊತೆಗೆ ಹೆಪಟೈಟಿಸ್ ಸಿ ಇದ್ದವರಿಗಾಗಿ ಕಂಡುಹಿಡಿದ ಲೆಕ್ಕ ಇದು, ಈಗ ಫ್ಯಾಟಿ ಲಿವರ್‌ಗೆ ಮೊದಲ ಜರಡಿ ಆಗಿದೆ.

ಲೆಕ್ಕ ಹೀಗೆ. ವಯಸ್ಸನ್ನು ಎಸ್‌ಜಿಓಟಿಯಿಂದ ಗುಣಿಸಿ. ಪ್ಲೇಟ್‌ಲೆಟ್ ಸಂಖ್ಯೆಯನ್ನು ಎಸ್‌ಜಿಪಿಟಿಯ ವರ್ಗಮೂಲದಿಂದ ಗುಣಿಸಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ಪ್ಲೇಟ್‌ಲೆಟ್ ಹಾಕುವಾಗ ಮಾತ್ರ ಹುಷಾರು. ನಮ್ಮ ಲ್ಯಾಬ್‌ಗಳು ಅದನ್ನು ಲಕ್ಷದಲ್ಲಿ ಕೊಡುತ್ತವೆ, ಸೂತ್ರಕ್ಕೆ ಬೇಕಾದದ್ದು ಸಾವಿರದಲ್ಲಿ. 1.9 ಲಕ್ಷ ಅಂತ ಇದ್ದರೆ 190 ಅಂತ ಹಾಕಬೇಕು.

ಒಬ್ಬರಿಗೆ 52 ವರ್ಷ, ಎಸ್‌ಜಿಓಟಿ 48, ಎಸ್‌ಜಿಪಿಟಿ 64, ಪ್ಲೇಟ್‌ಲೆಟ್ 1.9 ಲಕ್ಷ ಅಂದುಕೊಳ್ಳಿ. 52 ಗುಣಿಸು 48 ಅಂದರೆ 2496. 64ರ ವರ್ಗಮೂಲ 8, ಅದನ್ನು 190ರಿಂದ ಗುಣಿಸಿದರೆ 1520. ಭಾಗಿಸಿದರೆ 1.64. ಇದೇ ಜಾಗದಲ್ಲಿ 190ರ ಬದಲು 1.9 ಅಂತ ಹಾಕಿದ್ದರೆ 164 ಬರುತ್ತಿತ್ತು, ನೋಡಿದವರಿಗೆ ಎದೆ ಧಸಕ್ ಅಂದಿರುತ್ತಿತ್ತು. ಇಂಟರ್ನೆಟ್‌ನಲ್ಲಿರುವ ಕ್ಯಾಲ್ಕುಲೇಟರ್ ಬಳಸುವವರೂ ಅದು ಯಾವ ಲೆಕ್ಕದಲ್ಲಿ ಕೇಳುತ್ತಿದೆ ಅಂತ ಮೊದಲು ನೋಡಿ.

1.3ಕ್ಕಿಂತ ಕಡಿಮೆ ಬಂದರೆ ಮುಂದುವರಿದ ಕಲೆ ಇರುವ ಸಾಧ್ಯತೆ ತೀರಾ ಕಡಿಮೆ. 2.67ಕ್ಕಿಂತ ಜಾಸ್ತಿ ಬಂದರೆ ಲಿವರ್ ಡಾಕ್ಟರನ್ನು ನೋಡಲೇಬೇಕು. ನಡುವೆ ಬಂದವರಿಗೆ ಇನ್ನೊಂದು ಟೆಸ್ಟ್ ಬೇಕು. ನಮ್ಮ 1.64 ಈ ನಡುವಿನ ಗುಂಪಿನದು.

ಕಲೆ ಜಾಸ್ತಿಯಾದ ಹಾಗೆ ರಕ್ತ ಲಿವರ್ ಒಳಗೆ ಸಲೀಸಾಗಿ ಹರಿಯುವುದಿಲ್ಲ, ಒತ್ತಡ ಹಿಂದಕ್ಕೆ ಗುಲ್ಮದ (ಸ್ಪ್ಲೀನ್) ಮೇಲೆ ಬೀಳುತ್ತದೆ, ಅದು ಊದಿಕೊಂಡು ಪ್ಲೇಟ್‌ಲೆಟ್‌ಗಳನ್ನು ತನ್ನೊಳಗೆ ಹಿಡಿದಿಟ್ಟುಕೊಳ್ಳುತ್ತದೆ. ಕಲೆ ಬಲಿತಂತೆ ಎಸ್‌ಜಿಪಿಟಿಗೆ ಹೋಲಿಸಿದರೆ ಎಸ್‌ಜಿಓಟಿ ಮೇಲಾಗುತ್ತದೆ. ಸೂತ್ರ ಹಿಡಿಯುವುದು ಈ ಎರಡನ್ನೇ. ಅದರ ದೌರ್ಬಲ್ಯವೂ ಇಲ್ಲೇ ಇದೆ. ಡೆಂಗಿ ಬಂದಾಗ ಪ್ಲೇಟ್‌ಲೆಟ್ ಇಳಿಯುತ್ತದೆ, ಎಸ್‌ಜಿಓಟಿ ಏರುತ್ತದೆ, ಆಗಿನ ರಿಪೋರ್ಟ್ ಹಿಡಿದು ಲೆಕ್ಕ ಹಾಕಿದರೆ ಆರೋಗ್ಯವಾದ ಲಿವರ್‌ಗೂ ಸಿರೋಸಿಸ್ ಅನ್ನುವಂಥ ನಂಬರ್ ಬರುತ್ತದೆ. ಜ್ವರ ಪೂರ್ತಿ ಹೋಗಿ ಚೇತರಿಸಿಕೊಂಡ ಮೇಲಿನ ರಿಪೋರ್ಟನ್ನೇ ತೆಗೆದುಕೊಳ್ಳಿ. ಜಿಮ್‌ನಲ್ಲಿ ಜೋರಾಗಿ ತೂಕ ಎತ್ತಿದ ಮರುದಿನವೂ ಎಸ್‌ಜಿಓಟಿ ಏರಿರಬಹುದು, ಅದು ಸ್ನಾಯುವಿನಿಂದಲೂ ಬರುತ್ತದೆ.

ವಯಸ್ಸಿನ ವಿಷಯ ಇನ್ನೂ ಮುಖ್ಯ. ಸೂತ್ರದಲ್ಲೇ ವಯಸ್ಸು ಇರುವುದರಿಂದ ದೊಡ್ಡವರಿಗೆ ಸುಮ್ನೆ ನಂಬರ್ ಏರುತ್ತದೆ. 68 ವರ್ಷದ ಅಜ್ಜಿಗೆ ಎಸ್‌ಜಿಓಟಿ 28, ಎಸ್‌ಜಿಪಿಟಿ 25, ಪ್ಲೇಟ್‌ಲೆಟ್ 2 ಲಕ್ಷ, ಎಲ್ಲ ನಾರ್ಮಲ್. ಆದರೂ 1.9 ಬರುತ್ತದೆ. ಅದಕ್ಕೇ 65 ದಾಟಿದವರಿಗೆ ಕೆಳಗಿನ ಗೆರೆಯನ್ನು 1.3ರ ಬದಲು 2.0 ಅಂತ ಹಿಡಿಯುತ್ತಾರೆ. ಇನ್ನೊಂದು ತುದಿಯಲ್ಲಿ 35ಕ್ಕಿಂತ ಚಿಕ್ಕವರಲ್ಲಿ ಈ ಸೂತ್ರ ಸರಿಯಾಗಿ ಕೆಲಸ ಮಾಡುವುದಿಲ್ಲ. 29 ವರ್ಷದ ಹುಡುಗನಿಗೆ ಎಸ್‌ಜಿಓಟಿ 60, ಎಸ್‌ಜಿಪಿಟಿ 100, ಪ್ಲೇಟ್‌ಲೆಟ್ 2.5 ಲಕ್ಷ ಇದ್ದರೆ ಉತ್ತರ 0.7. ನೋಡಲು ಚೆನ್ನಾಗಿದೆ, ಆದರೆ ಎರಡು ಎಂಜೈಮ್ ಇಷ್ಟು ಏರಿರುವ ಹುಡುಗನನ್ನು ಆ ನಂಬರ್ ನೋಡಿ ಮನೆಗೆ ಕಳಿಸಬಾರದು.

ಎಷ್ಟೋ ಕಡೆ ಈ ಲೆಕ್ಕವನ್ನು ಯಾರೂ ಹಾಕುವುದಿಲ್ಲ, ಬೇಜಾರಿನ ಸಂಗತಿ ಅದು. ವರ್ಷ ವರ್ಷ ಹೆಲ್ತ್ ಚೆಕಪ್ ಮಾಡಿಸುವವರ ಫೈಲ್‌ನಲ್ಲಿ ನಾಲ್ಕೂ ನಂಬರ್ ಕೂತಿರುತ್ತವೆ. ನಿಮ್ಮದನ್ನು ನೀವೇ ಹಾಕಿ ನೋಡಿ. ಉತ್ತರವನ್ನು ಬರೆದುಕೊಂಡು ಡಾಕ್ಟರಿಗೆ ತೋರಿಸಿ.

ಇದೇ ಜಾತಿಯ ಇನ್ನೆರಡು ಲೆಕ್ಕಗಳಿವೆ. ಎನ್‌ಎಫ್‌ಎಸ್ ಅನ್ನುವುದರಲ್ಲಿ ಬಿಎಂಐ, ಶುಗರ್, ಆಲ್ಬುಮಿನ್ ಕೂಡ ಸೇರುತ್ತವೆ, ತೂಕ ಜಾಸ್ತಿ ಇದ್ದವರಿಗೂ ಶುಗರ್ ಇದ್ದವರಿಗೂ ಅದು ಸುಮ್ನೆ ಜಾಸ್ತಿ ತೋರಿಸುತ್ತದೆ. ಎಪಿಆರ್‌ಐ ಹೆಪಟೈಟಿಸ್ ಇರುವವರಿಗೆ ಹೆಚ್ಚು ಹೊಂದುತ್ತದೆ. ಎಫ್‌ಐಬಿ-4 ಇರುವಾಗ ಫ್ಯಾಟಿ ಲಿವರ್‌ಗೆ ಇವೆರಡರ ಹಿಂದೆ ಹೋಗುವ ಅಗತ್ಯ ಕಾಣುವುದಿಲ್ಲ.

ಫೈಬ್ರೋಸ್ಕ್ಯಾನ್: ಎರಡನೇ ಮೆಟ್ಟಿಲು

ಹಣ್ಣಾದ ಸಪೋಟಾ ಒತ್ತಿದರೆ ಮೆತ್ತಗೆ, ಕಾಯಿ ಒತ್ತಿದರೆ ಗಟ್ಟಿ. ಕಲೆ ಕಟ್ಟಿದ ಲಿವರ್ ಹಾಗೆ ಗಟ್ಟಿಯಾಗುತ್ತದೆ, ಆ ಗಟ್ಟಿತನವನ್ನು ಹೊರಗಿನಿಂದಲೇ ಅಳೆಯುವುದು ಈ ಮಷಿನ್ ಕೆಲಸ. ಫ್ರಾನ್ಸ್‌ನ ಎಕೋಸೆನ್ಸ್ ಕಂಪನಿಯದು ಇದು. ಬೇರೆ ಕಂಪನಿಗಳ ಮಷಿನ್‌ಗಳೂ ಇವೆ, ಆದರೆ ಜನರ ಬಾಯಲ್ಲಿ ಎಲ್ಲವೂ ಫೈಬ್ರೋಸ್ಕ್ಯಾನೇ.

ಬೆನ್ನ ಮೇಲೆ ಮಲಗಿ ಬಲಗೈಯನ್ನು ತಲೆಯ ಹಿಂದಕ್ಕೆ ಹಾಕಬೇಕು, ಆಗ ಪಕ್ಕೆಲುಬುಗಳ ನಡುವೆ ಜಾಗ ಅಗಲವಾಗುತ್ತದೆ. ಅಲ್ಲಿ ಜೆಲ್ ಹಚ್ಚಿ ಪ್ರೋಬ್ ಇಟ್ಟು ಗುಂಡಿ ಒತ್ತುತ್ತಾರೆ. ಪ್ರತಿ ಸಲವೂ ಬೆರಳಿನಿಂದ ತಟ್ಟಿದಂತೆ ಟಕ್ ಅನ್ನುತ್ತದೆ, ನೋವೇನೂ ಇಲ್ಲ. ಆ ತಟ್ಟಿನಿಂದ ಒಂದು ಅಲೆ ಲಿವರ್ ಒಳಗೆ ಹೋಗುತ್ತದೆ. ಲಿವರ್ ಗಟ್ಟಿ ಇದ್ದಷ್ಟೂ ಅಲೆ ಬೇಗ ಓಡುತ್ತದೆ. ಮಷಿನ್ ಆ ವೇಗವನ್ನು ಅಳೆದು ಕಿಲೋಪಾಸ್ಕಲ್‌ನಲ್ಲಿ ಹೇಳುತ್ತದೆ. ಬಯಾಪ್ಸಿ ಚೂರಿಗಿಂತ ಕನಿಷ್ಠ ನೂರು ಪಟ್ಟು ಜಾಸ್ತಿ ಜಾಗ ಇದರಲ್ಲಿ ಅಳತೆಗೆ ಸಿಗುತ್ತದೆ. ಹತ್ತು ನಿಮಿಷದ ಒಳಗೆ ಮುಗಿಯುತ್ತದೆ.

ಕೈಗೆ ಬರುವ ರಿಪೋರ್ಟ್‌ನಲ್ಲಿ ಎರಡು ದೊಡ್ಡ ನಂಬರ್ ಇರುತ್ತವೆ, ಜನ ಎಡವುವುದು ಇಲ್ಲಿ. ಒಂದು ಕ್ಯಾಪ್, ಅದು ಕೊಬ್ಬಿನದು, 100ರಿಂದ 400ರ ತನಕ ಹೋಗುತ್ತದೆ. ಇನ್ನೊಂದು ಕೆಪಿಎ (ಕಿಲೋಪಾಸ್ಕಲ್) ಅಂತ ಇರುವುದು, ಕಲೆಯ ನಂಬರ್ ಅದೇ. ಕ್ಯಾಪ್ 310 ನೋಡಿ ಕುಸಿದು ಕೂರುವವರ ಕೆಪಿಎ 5 ಇರುತ್ತದೆ. ಕ್ಯಾಪ್ 240 ನೋಡಿ ಖುಷಿಪಟ್ಟವರ ಕೆಪಿಎ 14 ಇರುತ್ತದೆ. ಮೊದಲು ನೋಡಬೇಕಾದ್ದು ಕೆಪಿಎ.

ಅದು 8ಕ್ಕಿಂತ ಕಡಿಮೆ ಇದ್ದರೆ ಮುಂದುವರಿದ ಕಲೆ ಇಲ್ಲ ಅಂತ ಹೆಚ್ಚುಕಡಿಮೆ ಧೈರ್ಯವಾಗಿ ಹೇಳಬಹುದು. 8ರಿಂದ 12 ಅನುಮಾನದ ಜಾಗ. 12 ದಾಟಿದರೆ ಗಂಭೀರವಾಗಿ ತೆಗೆದುಕೊಳ್ಳಬೇಕು. ‘ಇಲ್ಲ’ ಅಂದಾಗ ಈ ಟೆಸ್ಟನ್ನು ನಂಬಬಹುದಾದಷ್ಟು ‘ಇದೆ’ ಅಂದಾಗ ನಂಬಲು ಆಗುವುದಿಲ್ಲ, ಇದನ್ನು ಚೆನ್ನಾಗಿ ನೆನಪಿಡಿ. ಒಂದೇ ಒಂದು ಸಲ 9.5 ಬಂತು ಅಂತ ಎಫ್3 ಅನ್ನುವ ಹಣೆಪಟ್ಟಿ ಹಚ್ಚಿಕೊಳ್ಳಬೇಡಿ.

ಯಾಕೆಂದರೆ ಲಿವರ್ ಗಟ್ಟಿಯಾಗಲು ಕಲೆಯೊಂದೇ ಕಾರಣ ಅಲ್ಲ. ಊಟ ಮಾಡಿದ ಮೇಲೆ ಲಿವರ್‌ಗೆ ರಕ್ತ ಜಾಸ್ತಿ ಹರಿದು ನಂಬರ್ ಏರುತ್ತದೆ, ಅದಕ್ಕೇ ಕನಿಷ್ಠ ಮೂರು ಗಂಟೆ ಖಾಲಿ ಹೊಟ್ಟೆ ಬೇಕು. ಬೆಳಿಗ್ಗೆ ಇಡ್ಲಿ ಕಾಫಿ ಮುಗಿಸಿ ಹತ್ತು ಗಂಟೆಗೆ ಹೋಗಿ ಮಲಗಿದರೆ ಬರುವ ನಂಬರ್ ನಿಮ್ಮದಲ್ಲ. ಲಿವರ್‌ನಲ್ಲಿ ಜೋರು ಉರಿಯೂತ ಇದ್ದು ಎಸ್‌ಜಿಪಿಟಿ ನೂರಾರು ಇದ್ದಾಗ, ಹೃದಯ ದುರ್ಬಲವಾಗಿ ರಕ್ತ ಹಿಂದಕ್ಕೆ ನಿಂತಾಗ, ಪಿತ್ತನಾಳ ಕಟ್ಟಿಕೊಂಡಾಗ, ಕುಡಿತ ಜೋರಾಗಿ ನಡೆಯುತ್ತಿರುವಾಗ ಕೂಡ ಏರುತ್ತದೆ. ಹೊಟ್ಟೆಯಲ್ಲಿ ನೀರು ತುಂಬಿದ್ದರೆ ಫೈಬ್ರೋಸ್ಕ್ಯಾನ್ ಕೆಲಸವೇ ಮಾಡುವುದಿಲ್ಲ.

ರಿಪೋರ್ಟ್ ನಂಬಬಹುದಾ ಅಂತ ನೀವೇ ಪರೀಕ್ಷಿಸಬಹುದು. ಸರಿಯಾದ ಅಳತೆಗಳು ಹತ್ತಾದರೂ ಇರಬೇಕು. ಐಕ್ಯೂಆರ್ ಅಂತ ಇನ್ನೊಂದು ಸಂಖ್ಯೆ ಶೇಕಡಾವಾರಿನಲ್ಲಿ ಇರುತ್ತದೆ, ಅದು 30% ಒಳಗಿರಬೇಕು. ಅದಕ್ಕಿಂತ ಜಾಸ್ತಿ ಇದ್ದರೆ ಹತ್ತು ಅಳತೆಗಳು ಒಂದಕ್ಕೊಂದು ಹೊಂದಿಲ್ಲ ಅಂತ ಅರ್ಥ, ಇನ್ನೊಮ್ಮೆ ಮಾಡಿ ಅಂತ ಕೇಳುವುದರಲ್ಲಿ ತಪ್ಪೇನಿಲ್ಲ. ಯಾವ ಪ್ರೋಬ್ ಬಳಸಿದ್ದಾರೆ ಅನ್ನುವುದೂ ಅಲ್ಲೇ ಇರುತ್ತದೆ. ಎಂ ಅನ್ನುವುದು ಸಾಮಾನ್ಯ ಮೈಕಟ್ಟಿನವರಿಗೆ, ಎಕ್ಸ್‌ಎಲ್ ಅನ್ನುವುದು ಚರ್ಮದಿಂದ ಲಿವರ್ ದೂರ ಇರುವ ದಪ್ಪ ಮೈಯವರಿಗೆ. ಎಕ್ಸ್‌ಎಲ್ ಇಲ್ಲದ ಕಡೆ ದಪ್ಪ ಇರುವವರು ಟೆಸ್ಟ್ ಮಾಡಿಸಿದರೆ ದುಡ್ಡು ದಂಡ, ಫೋನ್ ಮಾಡಿ ಕೇಳಿಕೊಂಡೇ ಹೋಗಿ.

ಉಚಿತ ಕ್ಯಾಂಪ್‌ಗಳಲ್ಲಿ ಫೈಬ್ರೋಸ್ಕ್ಯಾನ್ ಮಾಡುತ್ತಾರಲ್ಲ, ಹೋಗಬಾರದು ಅಂತ ಹೇಳುವುದಿಲ್ಲ. ಖಾಲಿ ಹೊಟ್ಟೆಯಲ್ಲಿ ಹೋಗಿ, ಪೂರ್ತಿ ರಿಪೋರ್ಟ್ ಕೇಳಿ ಪಡೆಯಿರಿ. ಚೀಟಿಯ ಮೇಲೆ ‘ಎಫ್2’ ಅಂತ ಪೆನ್ನಿನಲ್ಲಿ ಬರೆದುಕೊಟ್ಟರೆ ಅದರಿಂದ ಯಾವ ಡಾಕ್ಟರಿಗೂ ಏನೂ ಉಪಯೋಗ ಇಲ್ಲ.

ಉಳಿದವು

ಕೆಲವು ಅಲ್ಟ್ರಾಸೌಂಡ್ ಮಷಿನ್‌ಗಳಲ್ಲೇ ಎಲಾಸ್ಟೋಗ್ರಫಿ, ಅಂದರೆ ಗಟ್ಟಿತನ ಅಳೆಯುವ ವಿಧಾನ, ಸೇರಿಸಿರುತ್ತಾರೆ, ಶಿಯರ್ ವೇವ್ ಅಂತ ಬರೆದಿರುತ್ತದೆ. ಇದರ ಅನುಕೂಲ ಅಂದರೆ ರೇಡಿಯಾಲಜಿಸ್ಟ್ ಲಿವರ್‌ನ ಚಿತ್ರ ನೋಡುತ್ತಾ, ರಕ್ತನಾಳ ಬಿಟ್ಟು ಸರಿಯಾದ ಜಾಗ ಆರಿಸಿ ಅಳೆಯಬಹುದು. ಗಡ್ಡೆ ಗಿಡ್ಡೆ ಇದ್ದರೂ ಅದೇ ಸಲ ಕಾಣುತ್ತದೆ. ಮಾಡುವವರ ಕೈಚಳಕದ ಮೇಲೆ ಮಾತ್ರ ತುಂಬಾ ನಿಂತಿದೆ. ಒಂದೊಂದು ಕಂಪನಿಯ ಮಷಿನ್‌ಗೆ ಗೆರೆಗಳೂ ಬೇರೆ, ಕೆಲವು ಉತ್ತರವನ್ನು ಸೆಕೆಂಡಿಗೆ ಇಷ್ಟು ಮೀಟರ್ ಅಂತ ಕೊಡುತ್ತವೆ. ಫೈಬ್ರೋಸ್ಕ್ಯಾನ್‌ನ 8 ಮತ್ತು 12ನ್ನು ತಂದು ಇಲ್ಲಿ ಕೂರಿಸಬೇಡಿ. ಊರಲ್ಲಿ ಫೈಬ್ರೋಸ್ಕ್ಯಾನ್ ಇಲ್ಲ, ಇದು ಇದೆ, ಮಾಡುವವರು ಅನುಭವ ಇರುವವರು ಅಂದರೆ ಧಾರಾಳವಾಗಿ ಇದನ್ನೇ ಮಾಡಿಸಬಹುದು.

ಈಎಲ್‌ಎಫ್ ಅನ್ನುವ ರಕ್ತ ಪರೀಕ್ಷೆ ಕಲೆ ಕಟ್ಟುವಾಗ ರಕ್ತಕ್ಕೆ ಸೇರುವ ಮೂರು ವಸ್ತುಗಳನ್ನು ನೇರವಾಗಿ ಅಳೆಯುತ್ತದೆ. 9.8 ದಾಟಿದರೆ ಮುಂದುವರಿದ ಕಲೆಯ ಅನುಮಾನ. ಬ್ರಿಟನ್‌ನಲ್ಲಿ 2016ರ ಮಾರ್ಗಸೂಚಿಯಿಂದಲೇ ಇದಕ್ಕೆ ಜಾಗ ಇದೆ, ಅಲ್ಲಿ 10.51ರ ಗೆರೆ ಹಾಕಿಕೊಂಡಿದ್ದಾರೆ. ಅಲ್ಲಿರುವ ಕನ್ನಡಿಗರಿಗೆ ಡಾಕ್ಟರ್ ಇದನ್ನು ಬರೆದುಕೊಟ್ಟರೆ ಆಶ್ಚರ್ಯಪಡಬೇಕಿಲ್ಲ. ನಮ್ಮ ಊರುಗಳ ಲ್ಯಾಬ್‌ಗಳಲ್ಲಿ ಸುಲಭಕ್ಕೆ ಸಿಗುವಂಥದ್ದಲ್ಲ.

ಎಲ್ಲಕ್ಕಿಂತ ನಿಖರವಾದದ್ದು ಎಂಆರ್ ಎಲಾಸ್ಟೋಗ್ರಫಿ. ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಹುಟ್ಟಿದ ವಿಧಾನ, ಮೊದಲ ಲೇಖನ ಬಂದದ್ದು 1995ರಲ್ಲಿ. ಪಕ್ಕೆಯ ಮೇಲೆ ತಟ್ಟೆಯಂಥ ಒಂದು ಸಾಧನ ಕಟ್ಟಿ, ಅದನ್ನು ಸೆಕೆಂಡಿಗೆ 60 ಸಲ ಅದುರಿಸಿ, ಅಲೆ ಲಿವರ್‌ನಲ್ಲಿ ಹರಿಯುವುದನ್ನು ಎಂಆರ್‌ಐನಲ್ಲಿ ಚಿತ್ರ ತೆಗೆಯುತ್ತಾರೆ. ಒಂದು ಮೂಲೆ ಬದಲು ಲಿವರ್‌ನ ದೊಡ್ಡ ಭಾಗವೇ ಅಳತೆಗೆ ಸಿಗುತ್ತದೆ. ತುಂಬಾ ದಪ್ಪ ಇರುವವರಿಗೂ, ಹೊಟ್ಟೆಯಲ್ಲಿ ನೀರು ಇದ್ದವರಿಗೂ ಆಗುತ್ತದೆ. ಲಿವರ್‌ನಲ್ಲಿ ಕಬ್ಬಿಣ ಜಾಸ್ತಿ ಸೇರಿದವರಿಗೆ ಮಾತ್ರ ಕೈಕೊಡಬಹುದು. ಇದರ ಗೆರೆಗಳೂ ಬೇರೆ, ಇಲ್ಲಿ 5 ಕಿಲೋಪಾಸ್ಕಲ್ ಅಂದರೇ ಸಿರೋಸಿಸ್ ಹತ್ತಿರ. ದುಬಾರಿ, ದೊಡ್ಡ ನಗರಗಳ ಕೆಲವೇ ಕಡೆ ಇದೆ, ಇಕ್ಕಟ್ಟಾದ ಕೊಳವೆಯೊಳಗೆ ಉಸಿರು ಹಿಡಿದು ಮಲಗಬೇಕು. ನಿಖರವಾಗಿದೆ ಅಂತ ಇದನ್ನೇ ಮೊದಲು ಮಾಡಿಸುವುದು ಬೇಡ. ಎಫ್‌ಐಬಿ-4 ಒಂದು ಹೇಳಿ ಫೈಬ್ರೋಸ್ಕ್ಯಾನ್ ಇನ್ನೊಂದು ಹೇಳಿದಾಗ, ಅಥವಾ ಫೈಬ್ರೋಸ್ಕ್ಯಾನ್ ಸರಿಯಾಗಿ ಬರದೇ ಹೋದಾಗ ಇದಕ್ಕೆ ಕೊಟ್ಟ ದುಡ್ಡು ಸಾರ್ಥಕ. ಆಗಲೂ ಉತ್ತರ ಸಿಗದಿದ್ದರೆ, ಇಲ್ಲವೇ ಫ್ಯಾಟಿ ಲಿವರ್ ಜೊತೆ ಆಟೋಇಮ್ಯೂನ್ ಥರದ ಬೇರೆ ಕಾಯಿಲೆಯ ಅನುಮಾನ ಇದ್ದರೆ ಬಯಾಪ್ಸಿ.

ನಿಮಗೆ ಯಾವುದು?

ಶುಗರ್ ಇಲ್ಲ, ವಯಸ್ಸು 35ರಿಂದ 65ರ ಒಳಗೆ, ಎಫ್‌ಐಬಿ-4 1.3ಕ್ಕಿಂತ ಕಡಿಮೆ ಅಂದರೆ ಅಲ್ಲಿಗೆ ನಿಲ್ಲಿಸಿ. ಎರಡು ಮೂರು ವರ್ಷ ಬಿಟ್ಟು ಮತ್ತೆ ಲೆಕ್ಕ ಹಾಕಿದರೆ ಸಾಕು. ಫೈಬ್ರೋಸ್ಕ್ಯಾನ್ ಮಾಡಿಸಲೇಬೇಕು ಅಂತ ಯಾರಾದರೂ ಒತ್ತಾಯಿಸಿದರೆ ಯಾಕೆ ಅಂತ ಕೇಳಿ.

ಶುಗರ್ ಇರುವವರ ಮಾತು ಬೇರೆ. ಕಲೆ ಇರುವ ಸಾಧ್ಯತೆ ಇವರಿಗೇ ಜಾಸ್ತಿ, ಎಫ್‌ಐಬಿ-4 ಕೆಲವರನ್ನು ತಪ್ಪಿಸಿಬಿಡುವುದೂ ಇವರಲ್ಲೇ ಜಾಸ್ತಿ. ಇವರಿಗೂ ಮೊದಲು ಎಫ್‌ಐಬಿ-4, ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ, ಅನ್ನುವುದು ಮಾರ್ಗಸೂಚಿಗಳ ಮಾತು. ನನ್ನ ಅಭಿಪ್ರಾಯ ಕೇಳಿದರೆ, ಶುಗರ್ ಬಂದು ಎಷ್ಟೋ ವರ್ಷ ಆಗಿದ್ದು ಹೊಟ್ಟೆ ಬೊಜ್ಜೂ ಬಿಪಿಯೂ ಜೊತೆಗಿದ್ದರೆ, ನಂಬರ್ 1.2 ಬಂದರೂ ಡಾಕ್ಟರ್ ಹತ್ತಿರ ಮಾತಾಡಿ ಒಮ್ಮೆ ಫೈಬ್ರೋಸ್ಕ್ಯಾನ್ ಮಾಡಿಸುವುದು ಒಳ್ಳೆಯದು. ಕೆಲವು ಸಾವಿರ ರೂಪಾಯಿ ಖರ್ಚು, ಅದಕ್ಕೆ ಬೆಲೆ ಇದೆ. 35ರೊಳಗಿನವರು ಎಂಜೈಮ್ ಏರಿದ್ದರೆ ಲೆಕ್ಕ ಬಿಟ್ಟು ನೇರ ಫೈಬ್ರೋಸ್ಕ್ಯಾನ್‌ಗೆ ಹೋಗಬಹುದು. ಗರ್ಭಿಣಿಯರಿಗೆ ಸಾಮಾನ್ಯವಾಗಿ ಮಾಡುವುದಿಲ್ಲ.

ಈಗಲೇ ಇದನ್ನು ಕಂಡುಹಿಡಿಯಬೇಕು ಅಂತ ಇಷ್ಟು ಒತ್ತಿ ಹೇಳಲು ಕಾರಣ ಇದೆ. ಎಫ್2, ಎಫ್3 ಹಂತದ ಕಲೆ ಹಿಂದಕ್ಕೆ ಹೋಗಬಲ್ಲದು. 2015ರಲ್ಲಿ ಪ್ರಕಟವಾದ ಕ್ಯೂಬಾ ದೇಶದ ಅಧ್ಯಯನದಲ್ಲಿ ಮೈತೂಕದ 10% ಅಥವಾ ಹೆಚ್ಚು ಇಳಿಸಿದವರ ಪೈಕಿ 45% ಜನರಲ್ಲಿ ಬಯಾಪ್ಸಿಯಲ್ಲೇ ಕಲೆ ಕಡಿಮೆಯಾದದ್ದು ಕಂಡಿತ್ತು. 80 ಕೆಜಿ ಇದ್ದವರು 8 ಕೆಜಿ ಇಳಿಸಬೇಕು, ಕಷ್ಟ ಹೌದು, ಆದರೆ ಆಗದ ಕೆಲಸ ಅಲ್ಲ ಅಲ್ವಾ. ಔಷಧಿಯೇ ಇಲ್ಲದಿದ್ದ ಕಾಲವೂ ಹೋಯಿತು. ಅಮೆರಿಕದಲ್ಲಿ 2024ರ ಮಾರ್ಚ್‌ನಲ್ಲಿ ರೆಸ್ಮೆಟಿರೋಮ್‌ಗೆ, 2025ರ ಆಗಸ್ಟ್‌ನಲ್ಲಿ ಸೆಮಾಗ್ಲುಟೈಡ್‌ಗೆ ಈ ಕಾಯಿಲೆಗೆಂದೇ ಒಪ್ಪಿಗೆ ಸಿಕ್ಕಿತು. ಎರಡೂ ಸಿರೋಸಿಸ್ ಆಗುವ ಮುಂಚಿನ ಹಂತದವರಿಗೆ. ತಡವಾಗಿ ಗೊತ್ತಾದವರಿಗೆ ಈ ಬಾಗಿಲು ಮುಚ್ಚಿರುತ್ತದೆ.

ಸಿರೋಸಿಸ್ ಅಂತಲೇ ಗೊತ್ತಾದರೂ ಕೈಬಿಡಬೇಕಿಲ್ಲ. ಆಗ ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ಮಾಡಿಸಿ ಕ್ಯಾನ್ಸರ್ ಇದೆಯಾ ಅಂತ ನೋಡುತ್ತಿರಬೇಕು. ಅನ್ನನಾಳದ ರಕ್ತನಾಳಗಳು ಊದಿವೆಯಾ ಅಂತ ನೋಡುವ ಎಂಡೋಸ್ಕೋಪಿ ಎಲ್ಲರಿಗೂ ಬೇಕಾಗುವುದಿಲ್ಲ. ಫೈಬ್ರೋಸ್ಕ್ಯಾನ್ 20ಕ್ಕಿಂತ ಕಡಿಮೆ, ಪ್ಲೇಟ್‌ಲೆಟ್ 1.5 ಲಕ್ಷಕ್ಕಿಂತ ಜಾಸ್ತಿ ಇದ್ದರೆ ಸದ್ಯಕ್ಕೆ ಬಿಡಬಹುದು ಅನ್ನುವ ನಿಯಮ ಇದೆ. ಲಿವರ್ ಡಾಕ್ಟರ್ ಹತ್ತಿರ ಇದನ್ನೂ ಕೇಳಿ.

ಮತ್ತೆ ಟೆಸ್ಟ್ ಮಾಡಿಸುವಾಗ ಹಿಂದಿನ ಸಲದ್ದೇ ಥರದ ಮಷಿನ್, ಅದೇ ಪ್ರೋಬ್, ಖಾಲಿ ಹೊಟ್ಟೆ ಇರಲಿ. ಕಳೆದ ವರ್ಷ 9.1, ಈ ವರ್ಷ 8.4 ಬಂದರೆ ಅದನ್ನು ಇಳಿಕೆ ಅನ್ನಲಾಗದು, ಒಂದೇ ವಾರದಲ್ಲಿ ಎರಡು ಸಲ ಮಾಡಿದರೂ ಅಷ್ಟು ವ್ಯತ್ಯಾಸ ಬರಬಹುದು. 13 ಇದ್ದದ್ದು 8 ಆದರೆ ಮಾತು ಬೇರೆ. ಅದೇ ವಾರ ಎಲ್‌ಎಫ್‌ಟಿ, ಸಿಬಿಸಿ ಕೂಡ ಮಾಡಿಸಿ, ಎರಡನ್ನೂ ಒಟ್ಟಿಗೆ ಇಟ್ಟು ನೋಡಲು ಆಗುತ್ತದೆ. ರಿಪೋರ್ಟ್‌ನ ಫೋಟೋ ತೆಗೆದು ಫೋನಿನಲ್ಲಿ ಇಟ್ಟುಕೊಳ್ಳಿ, ಕೆಪಿಎ ಜೊತೆಗೆ ಐಕ್ಯೂಆರ್, ಪ್ರೋಬ್, ತಾರೀಖು ನಾಲ್ಕೂ ಕಾಣುವ ಹಾಗೆ.